ಗಡಿಯಾರವಲ್ಲದ ಗಡಿಯಾರ

ನಮ್ಮ ನೆರೆಮನೆಯ ಹಿರಿಯರೊಬ್ಬರು ದಿನವೂ ಬೆಳಿಗ್ಗೆ ಹಾಲು ತರಲು ಹೊರಟಾಗ ನಮ್ಮ ಬಾಗಿಲಲ್ಲಿ ಒಂದು ನಿಮಿಷ ನಿಂತು ಯೋಗಕ್ಷೇಮ ವಿಚಾರಿಸುವುದು ವಾಡಿಕೆ. ಕಳೆದ ಕಾರ್ತಿಕ ಮಾಸದ ಒಂದು ಮುಂಜಾವಿನಲ್ಲಿ ಅವರು ಬಂದಾಗ ನಾನು ಅಂಗಳದಲ್ಲಿ ಮೋಟಾರ್ ಸೈಕಲ್ಲನ್ನು ಚಾಲೂ ಮಾಡಿ ನಿಲ್ಲಿಸಿದ್ದೆ. ಅದರ ಮುಂಭಾಗದಲ್ಲಿ ಹೊಸದಾಗಿ ಕುಳಿತಿದ್ದ ದುಂಡಗಿನ ಪುಟ್ಟ ಯಂತ್ರವೊಂದರಲ್ಲಿ ಕೆಂಪು ಅಂಕಿಗಳು ಹೊಳೆಯುತ್ತಿದ್ದವು. ಹಿರಿಯರು ಕನ್ನಡಕ ಸರಿಪಡಿಸಿಕೊಂಡು ಬಗ್ಗಿ ನೋಡಿ, "ಸರ್, ನಿಮ್ಮ ಗಡಿಯಾರ ಕೆಟ್ಟೈತ್ರಿ. ಬೆಳಗಿನ ಆರು ಗಂಟೇಕ ಹದಿನಾರೂವರಿ ತೋರಸಾಕತ್ತೈತಿ" ಎಂದರು.

ಇದು ಗಡಿಯಾರವಲ್ಲ, ಎಂಜಿನ್ನಿನಲ್ಲಿ ಗಾಳಿಯೂ ಪೆಟ್ರೋಲೂ ಯಾವ ಪ್ರಮಾಣದಲ್ಲಿ ಬೆರೆತು ಉರಿಯುತ್ತಿವೆ ಎಂಬುದನ್ನು ತೋರಿಸುವ ಮಾಪಕ ಎಂದು ನಾನು ಕೊಂಚ ಗರ್ವದಿಂದಲೇ ವಿವರಿಸಿದೆ. ಅವರು ಸಾವಧಾನದಿಂದ ಕೇಳಿದರು. ಆದರೆ "ಏನರ ಇರಲಿ, ಕೆಟ್ಟೈತಿ" ಎಂಬ ತಮ್ಮ ತೀರ್ಪನ್ನು ಮಾತ್ರ ಹಿಂದೆಗೆದುಕೊಳ್ಳದೆ ಹಾಲಿನ ಪಾತ್ರೆಯೊಡನೆ ಹೊರಟುಹೋದರು.

ಕನ್ನಡ ಪಾಠ ಹೇಳಿ ಜೀವನ ಸಾಗಿಸುವವನಿಗೆ ಯಂತ್ರದ ಈ ಉಸಾಬರಿ ಏಕೆ ಎಂದು ವಾಚಕರು ಕೇಳಬಹುದು. ನನ್ನ ತಂದೆಯವರು ಬಿಟ್ಟುಹೋದ ಆಸ್ತಿಯಲ್ಲಿ ನನ್ನ ಪಾಲಿಗೆ ಬಂದದ್ದು ಒಂದು ಪುಸ್ತಕದ ಬೀರು ಮತ್ತು ಒಂದು ಹಳೆಯ 350 ಸಿ.ಸಿ. ಬುಲೆಟ್. ಕಲ್ಲೋಳಿಯಿಂದ ಗೋಕಾಕಕ್ಕೆ, ಗೋಕಾಕದಿಂದ ಹುಕ್ಕೇರಿಯ ನೆಂಟರ ಮನೆಗೆ ನನ್ನ ಸಂಸಾರವನ್ನು ಹೊತ್ತು ತಿರುಗುವುದು ಅದೇ. ಕಾರ್ಬುರೇಟರಿನ ಕಾಲದ ಆ ಗಾಡಿ ಎರಡು ವರ್ಷಗಳಿಂದ ವಿಚಿತ್ರವಾಗಿ ವರ್ತಿಸತೊಡಗಿತ್ತು. ಬೆಳಗಿನ ಚಳಿಯಲ್ಲಿ ಏಳಲು ಒಲ್ಲೆನೆನ್ನುವುದು, ವೇಗ ಇಳಿಸಿದಾಗ ಸೈಲೆನ್ಸರಿನಲ್ಲಿ ಪಟಾಕಿ ಹೊಡೆಯುವುದು, ದೂರ ಓಡಿಸಿದರೆ ಅತಿಯಾಗಿ ಕಾಯುವುದು, ಇವೆಲ್ಲ ಅದರ ಲಕ್ಷಣಗಳು. ಪೆಟ್ರೋಲು ಕಡಿಮೆಯಾಗಿ ಗಾಳಿ ಹೆಚ್ಚಾದಾಗ ಕಾಣಿಸಿಕೊಳ್ಳುವ ಲಕ್ಷಣಗಳೇ ಇವು ಎಂದು ತಿಳಿದವರು ಹೇಳಿದರು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಎಂಜಿನಿಯರಿಂಗ್ ಓದುತ್ತಿರುವವನು, "ಊಹೆ ಏಕೆ ಸರ್, ಅಳೆದೇ ನೋಡೋಣ" ಎಂದ. ಅಳತೆ ಎಂಬ ಮಾತಿಗೆ ಮರುಳಾಗದ ಮೇಷ್ಟರು ಯಾರಿದ್ದಾರೆ?

ಅಳೆಯಬೇಕಾದ್ದು ಏನೆಂಬುದನ್ನು ಕಂದೀಲು ಹಚ್ಚಿ ಬಲ್ಲವರಿಗೆ ತಿಳಿಸುವುದು ಸುಲಭ. ಬತ್ತಿ ಹೆಚ್ಚು ಏರಿಸಿದರೆ ಗಾಜು ಮಸಿ ಹಿಡಿಯುತ್ತದೆ. ತೀರ ಇಳಿಸಿದರೆ ದೀಪ ಮಿಡುಕಿ ಆರುತ್ತದೆ. ಎಂಜಿನ್ನಿನ ಉರಿಯೂ ಹಾಗೆಯೇ. ಶುದ್ಧ ಪೆಟ್ರೋಲಿನ ಒಂದು ಗ್ರಾಂ ಪೂರ್ಣವಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಳಿ ಹಗುರವಾದ್ದರಿಂದ ಈ ಲೆಕ್ಕದ ಅಗಾಧತೆ ನಮಗೆ ಹೊಳೆಯುವುದಿಲ್ಲ: ಒಂದು ಲೀಟರ್ ಪೆಟ್ರೋಲು ಉರಿಯಬೇಕಾದರೆ ಸುಮಾರು 9,000 ಲೀಟರ್ ಗಾಳಿಯನ್ನು ಎಂಜಿನ್ನು ಸೇದಿಕೊಳ್ಳಬೇಕು! ಪೂರ್ಣ ಶಕ್ತಿ ಬೇಕಾದಾಗ ಪೆಟ್ರೋಲು ತುಸು ಹೆಚ್ಚಿರಬೇಕು. ಆಗ ಅನುಪಾತ ಹನ್ನೆರಡೂವರೆಯಿಂದ ಹದಿಮೂರರ ಆಸುಪಾಸಿನಲ್ಲಿರುತ್ತದೆ. ನಿಧಾನವಾಗಿ, ಹಗುರವಾಗಿ ಸಾಗುವಾಗ ಹದಿನೈದರವರೆಗೆ ಹೋದರೂ ಚಿಂತೆಯಿಲ್ಲ. ಭಾರ ಹೊತ್ತು ವೇಗವಾಗಿ ಓಡುವಾಗ ಪೆಟ್ರೋಲು ಸಾಲದಾದರೆ ಕಾವು ಏರಿ ಪಿಸ್ಟನ್ನು ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತದೆ. ಅತಿಯಾದರೆ ಸಿಲಿಂಡರಿನ ಗೋಡೆಯ ಮೇಲಿನ ಎಣ್ಣೆ ತೊಳೆದುಹೋಗಿ ಯಂತ್ರ ಸವೆಯುತ್ತದೆ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವೂ ಹೆಚ್ಚುತ್ತದೆ.

ನಮ್ಮ ಬುಲೆಟ್ಟಿನ ಕಾಯಿಲೆಗೂ ನಮ್ಮ ಊರಿನ ಹೊಲಗಳಿಗೂ ಒಂದು ನಂಟಿದೆ ಎಂದರೆ ವಾಚಕರಿಗೆ ಅಚ್ಚರಿಯಾದೀತು. ಘಟಪ್ರಭೆಯ ನೀರುಂಡು ಬೆಳೆಯುವ ನಮ್ಮ ಸೀಮೆಯ ಕಬ್ಬು ಹಿಂದೆ ಸಕ್ಕರೆಯಾಗುತ್ತಿತ್ತು, ಬೆಲ್ಲವಾಗುತ್ತಿತ್ತು. ಈಗ ಎಥೆನಾಲ್ ಎಂಬ ಮದ್ಯಸಾರವೂ ಆಗಿ ಪೆಟ್ರೋಲಿನ ಟಾಕಿಯನ್ನು ಸೇರುತ್ತಿದೆ. ನೂರಕ್ಕೆ ಇಪ್ಪತ್ತರಷ್ಟು ಎಥೆನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಚಾಲನೆ ದೊರೆಯಿತು; 2025ರ ಹೊತ್ತಿಗೆ ಇಡೀ ದೇಶದ ಸರಾಸರಿ ಬೆರಕೆಯೇ ಆ ಪ್ರಮಾಣವನ್ನು ಮುಟ್ಟಿತು. ಎಥೆನಾಲಿನ ಅಣುವಿನಲ್ಲಿ ಆಮ್ಲಜನಕ ಮೊದಲೇ ಅಡಕವಾಗಿರುವುದರಿಂದ ಅದರ ಒಂದು ಗ್ರಾಮಿಗೆ ಸುಮಾರು ಒಂಬತ್ತು ಗ್ರಾಂ ಗಾಳಿಯೇ ಸಾಕು. ಹೀಗಾಗಿ ಬೆರಕೆಯ ಪೆಟ್ರೋಲಿಗೆ ಬೇಕಾದ ಗಾಳಿ 14.7ರಿಂದ ಸುಮಾರು 13.5ಕ್ಕೆ ಇಳಿಯುತ್ತದೆ. ಇಂಧನ ಚುಚ್ಚುವ ಹೊಸ ಗಾಡಿಗಳು ಈ ವ್ಯತ್ಯಾಸವನ್ನು ತಾವೇ ಸರಿದೂಗಿಸಿಕೊಳ್ಳುತ್ತವೆ. ಕಾರ್ಬುರೇಟರಿನ ಹಳೆಯ ಗಾಡಿಗೆ ಆ ಬುದ್ಧಿ ಇಲ್ಲ. ಅದು ಹಿಂದಿನ ಅಳತೆಯಲ್ಲೇ ಇಂಧನ ಬಡಿಸುತ್ತದೆ. ಉಣ್ಣುವವನಿಗೆ ನೂರಕ್ಕೆ ಏಳೆಂಟರಷ್ಟು ಕೊರತೆಯಾಗುತ್ತದೆ. ನಮ್ಮ ಹೊಲದ ಕಬ್ಬೇ ನಮ್ಮ ಗಾಡಿಯ ಹೊಟ್ಟೆಯನ್ನು ಅರೆಯಾಗಿಸಿತ್ತು.

ಇನ್ನು ಮಾಪಕದ ಆಯ್ಕೆ. ಈ ಮಾಪಕಗಳ ಕಣ್ಣು ಇರುವುದು ಎಂಜಿನ್ನಿನೊಳಗಲ್ಲ, ಹೊಗೆಯ ನಳಿಗೆಯಲ್ಲಿ. ಉರಿದು ಹೊರಬಂದ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂಬುದನ್ನು ಒಂದು ಸಂವೇದಕ ಮೂಸಿ ನೋಡುತ್ತದೆ. ಅದರ ಜೀವಾಳ ಜಿರ್ಕೋನಿಯ ಎಂಬ ಪಿಂಗಾಣಿಯಂಥ ವಸ್ತು. ಚೆನ್ನಾಗಿ ಕಾದಾಗ ಅದು ಆಮ್ಲಜನಕದ ವಿದ್ಯುತ್ಕಣಗಳನ್ನು ತನ್ನೊಳಗಿಂದ ಹಾದುಹೋಗಗೊಡುತ್ತದೆ. ಜರ್ಮನಿಯ ವಿಜ್ಞಾನಿ ವಾಲ್ಟರ್ ನೆರ್ನ್‌ಸ್ಟ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಗುಣವನ್ನೇ ಬಳಸಿ ಒಂದು ವಿದ್ಯುದ್ದೀಪ ಮಾಡಿದ್ದರು. 1976ರಲ್ಲಿ ಬಾಷ್ ಕಂಪನಿ ಅದೇ ತತ್ತ್ವದ ಸಂವೇದಕವನ್ನು ತಯಾರಿಸಿತು. ಅದು ಮೊದಲು ಏರಿದ್ದು ಸ್ವೀಡನ್ನಿನ ವೋಲ್ವೊ ಕಾರುಗಳಿಗೆ.

ಅಂಗಡಿಯಲ್ಲಿ ಎರಡು ಜಾತಿಯ ಸಂವೇದಕಗಳು ಸಿಗುತ್ತವೆ. ಕಿರುಪಟ್ಟಿಯದು ಅಗ್ಗ. ಆದರೆ ಅದು ಊರ ಗಡಿಯಲ್ಲಿ ನಿಂತ ಕಾವಲುಗಾರನಂತೆ. ಬಂದವನು ಗಡಿಯ ಈಚೆಗಿದ್ದಾನೋ ಆಚೆಗಿದ್ದಾನೋ ಎಂದಷ್ಟೇ ಹೇಳಬಲ್ಲದು, ಎಷ್ಟು ಹರದಾರಿ ದೂರ ಎಂದು ಹೇಳಲಾರದು. ಸಮತೋಲದ ಬಿಂದುವಿನಲ್ಲಿ ಅದರ ವೋಲ್ಟು 0.45, ಅಲ್ಲಿಂದ ಕೂದಲೆಳೆಯಷ್ಟು ಸರಿದರೂ 0.1ಕ್ಕೋ 0.9ಕ್ಕೋ ನೆಗೆಯುತ್ತದೆ. ಹನ್ನೆರಡೂವರೆಗೂ ಹದಿಮೂರಕ್ಕೂ ಇರುವ ಭೇದ ಬೇಕಾದವನಿಗೆ ಇದರಿಂದ ಪ್ರಯೋಜನವಿಲ್ಲ. ಅಗಲಪಟ್ಟಿಯದು ಬೆಲೆ ಹೆಚ್ಚಿನದು. ಅದರೊಳಗೊಂದು ಪುಟ್ಟ ಕೋಣೆ. ಅಲ್ಲಿಗೆ ಬಂದ ಹೊಗೆಯನ್ನು ಸಮತೋಲದಲ್ಲಿಡಲು ಆಮ್ಲಜನಕವನ್ನು ಒಳಕ್ಕೋ ಹೊರಕ್ಕೋ ಪಂಪು ಮಾಡಬೇಕಾಗುತ್ತದೆ, ಆ ಕೆಲಸಕ್ಕೆ ತಗುಲಿದ ವಿದ್ಯುತ್ತೇ ಅಳತೆಯಾಗುತ್ತದೆ. ಟ್ಯೂನಿಂಗ್ ಮಾಡುವವರು ಕೊಳ್ಳಬೇಕಾದ್ದು ಇದನ್ನೇ. ಬಾಷ್‌ನ ಎಲ್.ಎಸ್.ಯು. 4.9 ಎಂಬ ಸಂವೇದಕಕ್ಕೆ ಹೊಂದುವ ಮಾಪಕವನ್ನು ಆರಿಸಿದರೆ ಮುಂದೆ ಸಂವೇದಕ ಸವೆದಾಗ ಬದಲಿ ಹುಡುಕುವ ಕಷ್ಟವಿಲ್ಲ.

ಮತ್ತೆ ಮೂರು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಲ್ಯಾಮ್ಡಾ ಎಂಬ ಅಂಕಿಯನ್ನು ತೋರಿಸುವ ಸೌಲಭ್ಯ. ಸಂವೇದಕಕ್ಕೆ ನಿಜವಾಗಿ ತಿಳಿಯುವುದು ಅದೇ: ಬೇಕಾದಷ್ಟೇ ಗಾಳಿಯಿದ್ದರೆ 1, ಹೆಚ್ಚಿದ್ದರೆ ಒಂದಕ್ಕಿಂತ ಮೇಲೆ, ಕಡಿಮೆಯಿದ್ದರೆ ಕೆಳಗೆ. ಮಾಪಕವು ಅದನ್ನು 14.7ರಿಂದ ಗುಣಿಸಿ ನಮಗೆ ಒಪ್ಪಿಸುತ್ತದೆ. ಟಾಕಿಯಲ್ಲಿರುವುದು ಬೆರಕೆಯ ಪೆಟ್ರೋಲು ಎಂಬುದು ಅದಕ್ಕೆ ಗೊತ್ತಿಲ್ಲ. ನಿಜವಾದ ಅನುಪಾತ 13.5 ಇರುವಾಗಲೂ 14.7 ಎಂದೇ ತೋರಿಸುತ್ತದೆ. ಗೊಂದಲ ಬೇಡವೆನ್ನುವವರಿಗೆ ಲ್ಯಾಮ್ಡಾವೇ ಲೇಸು. ಎರಡನೆಯದು, ವಿದ್ಯುತ್ತು. ಈ ಮಾಪಕಗಳಿಗೆ ಬೇಕಾದ್ದು 12 ವೋಲ್ಟು. ಸಂವೇದಕದೊಳಗಿನ ಒಲೆ ಕಾಯುವಾಗ ಎರಡು ಮೂರು ಆಂಪಿಯರ್ ಎಳೆಯುತ್ತದೆ. 6 ವೋಲ್ಟಿನ ಹಳೆಯ ಗಾಡಿಗಳಿಗೆ ಇದು ಹೊರಲಾರದ ಹೊರೆ. ಮೂರನೆಯದು, ಮಳೆ ಮತ್ತು ಅದುರು. ಕಾರಿನೊಳಗೆ ಬೆಚ್ಚಗೆ ಕೂರಲು ಹುಟ್ಟಿದ ಮಾಪಕ ಬುಲೆಟ್ಟಿನ ಮೇಲೆ ಒಂದು ಮಳೆಗಾಲ ಬಾಳುವುದಿಲ್ಲ. ನೀರು ನುಗ್ಗದ ಕವಚ ಬೇಕು, ರಬ್ಬರಿನ ಮೆತ್ತೆಯ ಮೇಲೆ ಕೂರಿಸಬೇಕು, ಬಿಸಿಲಿನಲ್ಲಿಯೂ ಅಂಕಿ ಕಾಣಬೇಕು.

ಇಷ್ಟನ್ನೂ ವಿಚಾರಿಸಿ ಒಳ್ಳೆಯ ಮಾಪಕವನ್ನೇ ತಂದೆವು. ನಾವು ಎಡವಿದ್ದು ಕೂರಿಸುವುದರಲ್ಲಿ.

ಸಂವೇದಕವನ್ನು ನಿಲ್ಲಿಸಲು ನಳಿಗೆಗೆ ತೂತು ಕೊರೆದು, 18 ಮಿಲಿಮೀಟರಿನ ಮರೆಯುಳ್ಳ ಉಕ್ಕಿನ ಬಳೆಯೊಂದನ್ನು ಬೆಸೆಯಬೇಕು. ಎಂಜಿನ್ನಿನ ಬಾಯಿಗೆ ತೀರ ಹತ್ತಿರವಾದರೆ ಅತಿಯಾದ ಕಾವಿನಿಂದ ಸಂವೇದಕ ಕೆಡುತ್ತದೆ. ನಳಿಗೆಯ ತುದಿಗೆ ಹತ್ತಿರವಾದರೆ ಹೊರಗಿನ ಗಾಳಿ ಹಿಮ್ಮೆಟ್ಟಿ ಬಂದು ಅಳತೆ ಕೆಡುತ್ತದೆ. ನಾವು ಬಾಯಿಯಿಂದ ಒಂದೂವರೆ ಅಡಿಯ ಸ್ಥಳವನ್ನು ಆರಿಸಿದೆವು. ಸಂವೇದಕದ ಮೂಗು ಕೆಳಮುಖವಾಗಿರಬೇಕು, ಅಡ್ಡಗೆರೆಯಿಂದ ಕನಿಷ್ಠ ಹತ್ತು ಡಿಗ್ರಿಯಾದರೂ ಮೇಲಕ್ಕೆ ವಾಲಿರಬೇಕು. ಇಲ್ಲವಾದರೆ ನಳಿಗೆಯಲ್ಲಿ ಇಳಿದ ನೀರ ಹನಿ ಅದರೊಳಗೆ ನಿಂತು, ಕಾದ ಪಿಂಗಾಣಿ ಬಿರುಕು ಬಿಡುತ್ತದೆ. ಕೋಲಿನ ಮೇಲೆ ನಿಲ್ಲಿಸಿದಾಗ ಗಾಡಿ ಎಡಕ್ಕೆ ವಾಲುತ್ತದೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೆಸುಗೆಯ ಬಳಿ ಸಿಲಿಕೋನ್ ಅಂಟನ್ನು ಬಳಸಕೂಡದು. ಅದರ ಆವಿ ಸಂವೇದಕಕ್ಕೆ ವಿಷ. ಸಂವೇದಕವನ್ನು ನಳಿಗೆಯಲ್ಲಿ ಬಿಟ್ಟು ಅದರ ವಿದ್ಯುತ್ತನ್ನು ಕಳಚಿ ಗಾಡಿ ಓಡಿಸಲೂಕೂಡದು. ಕಾಯದ ಸಂವೇದಕ ಮಸಿ ಹಿಡಿದು ಹಾಳಾಗುತ್ತದೆ. ಈ ನಿಯಮಗಳನ್ನೆಲ್ಲ ಸಂಧ್ಯಾವಂದನೆಯಷ್ಟೇ ಶ್ರದ್ಧೆಯಿಂದ ಪಾಲಿಸಿದೆವು.

ಆದರೂ ಮಾಪಕ ಹದಿನಾರೂವರೆ ತೋರಿಸಿತು. ಪೆಟ್ರೋಲು ಸಾಲದು ಎಂದು ಇದರರ್ಥ. ಕಾರ್ಬುರೇಟರಿನ ಜೆಟ್ಟನ್ನು ಒಂದು ಮೆಟ್ಟಿಲು ದೊಡ್ಡದು ಮಾಡಿದೆವು. ಮತ್ತೆ ಹದಿನಾರು. ಇನ್ನೊಂದು ಮೆಟ್ಟಿಲು, ಮತ್ತೊಂದು. ಲೀಟರಿಗೆ ಮೂವತ್ತೈದು ಕಿಲೋಮೀಟರು ಓಡುತ್ತಿದ್ದ ಗಾಡಿ ಇಪ್ಪತ್ತೆರಡಕ್ಕೆ ಇಳಿಯಿತು. ಅಂಗಳದಲ್ಲಿ ಒಣಗಲು ಹಾಕಿದ ಬಟ್ಟೆಗಳಿಗೆ ಪೆಟ್ರೋಲಿನ ವಾಸನೆ ಹತ್ತುತ್ತಿದೆ ಎಂದು ನನ್ನ ಪತ್ನಿ ದೂರಿದಳು. ನಾನು ಮಾಪಕವನ್ನು ತೋರಿಸಿ, ಅಂಕಿ ಇನ್ನೂ ಹದಿನಾರರ ಹತ್ತಿರವಿದೆಯಲ್ಲ ಎಂದೆ. "ಅಂಕಿ ನಿಮ್ಮದು, ವಾಸನೆ ನನ್ನದು" ಎಂದು ಆಕೆ ಒಳಗೆ ಹೋದಳು.

ಎರಡನೆಯ ತಪ್ಪು ಇನ್ನೂ ಘೋರವಾದದ್ದು. ತಂತಿ ಗಿಡ್ಡವಾಗಿತ್ತೆಂಬ ಕಾರಣಕ್ಕೆ ಮಾಪಕವನ್ನು ದೀಪದ ಕೆಳಗೆ, ಮುಂಗಾಲಿನ ಬದಿಗೆ ಬಿಗಿದಿದ್ದೆವು. ಅಂಕಿ ನೋಡಬೇಕಾದರೆ ಕತ್ತು ಬಗ್ಗಿಸಬೇಕು. ಒಂದು ಸಂಜೆ ಗೋಕಾಕದಿಂದ ಮರಳುತ್ತಿದ್ದೆ. ಹಿಂದೆ ನನ್ನ ಎಂಟು ವರ್ಷದ ಮಗಳು ಕುಳಿತಿದ್ದಳು. ಕಬ್ಬು ಕಟಾವಿನ ಕಾಲ. ಈ ವೇಗದಲ್ಲಿ ಅಂಕಿ ಎಷ್ಟಾಯಿತು ಎಂದು ಬಗ್ಗಿ ನೋಡಿದೆ. ಗಂಟೆಗೆ ನಲವತ್ತು ಕಿಲೋಮೀಟರಿನಲ್ಲಿ ಗಾಡಿ ಒಂದು ಕ್ಷಣಕ್ಕೆ ಹನ್ನೊಂದು ಮೀಟರು ಓಡುತ್ತದೆ ಎಂಬ ಲೆಕ್ಕ ನನಗೆ ತಿಳಿಯದ್ದೇನಲ್ಲ. ಎರಡು ಕ್ಷಣ ಕಳೆದು ತಲೆಯೆತ್ತಿದಾಗ, ಹಿಂದೀಪವಿಲ್ಲದ ಜೋಡಿ ಟ್ರೇಲರಿನ ಕಬ್ಬಿನ ತುದಿಗಳು ನನ್ನ ಎದೆಯ ನೇರಕ್ಕೆ ಚಾಚಿಕೊಂಡಿದ್ದವು. ಬ್ರೇಕು ಹಿಡಿಯಿತು, ಚಕ್ರ ಜಾರಿತು, ಗಾಡಿ ರಸ್ತೆಯ ಪಕ್ಕದ ಮಣ್ಣಿಗೆ ಇಳಿದು ನಿಂತಿತು. ಮಗಳು, "ಅಪ್ಪಾ, ಕಬ್ಬು ಮುಟ್ಟಿದೆ" ಎಂದಳು. ಅವಳು ಕೈ ಚಾಚಿ ಮುಟ್ಟಿದಳೋ, ಅದೇ ಅವಳನ್ನು ಮುಟ್ಟಿತೋ, ನಾನು ಕೇಳಲಿಲ್ಲ. ಆ ರಾತ್ರಿ ಊಟ ಸೇರಲಿಲ್ಲ.

ಮರುದಿನ ಗಾಡಿಯನ್ನು ನೂಕಿಕೊಂಡೇ ನಮ್ಮ ಊರಿನ ಹಳೆಯ ಮೆಕ್ಯಾನಿಕರ ಬಳಿಗೆ ಒಯ್ದೆ. ಮಾಪಕವನ್ನು ಕಿತ್ತುಹಾಕಿಸುವುದೇ ನನ್ನ ಉದ್ದೇಶವಾಗಿತ್ತು. ಆ ಹೊತ್ತಿಗೆ ಅವರು ಒಂದು ಯೆಜ್ಡಿಯ ಮುಂದೆ ಕುಳಿತಿದ್ದರು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಆ ಕೂಸು ಇಂದಿಗೂ ನಮ್ಮ ಕಡೆ ಅಲ್ಲಲ್ಲಿ ಓಡಾಡುತ್ತಿದೆ. ಕಾರ್ಖಾನೆ ಮಾತ್ರ 1996ರಲ್ಲೇ ಮುಚ್ಚಿತು. ಇದಕ್ಕೂ ಇಂಥ ಮಾಪಕ ಹಾಕಬಹುದೇ ಎಂದು ಕೇಳಿದೆ. ಅವರು ನಕ್ಕರು. ಎರಡು ಹೊಡೆತದ ಎಂಜಿನ್ನಿನಲ್ಲಿ ಪೆಟ್ರೋಲಿನೊಡನೆ ಎಣ್ಣೆಯೂ ಉರಿಯುತ್ತದೆ. ಆ ಮಸಿ ಸಂವೇದಕದ ಮೂಗನ್ನು ಕಟ್ಟುತ್ತದೆ. ಅಲ್ಲದೆ ಉರಿಯದ ಹೊಸ ಗಾಳಿಯಲ್ಲಿ ಒಂದು ಪಾಲು ನೇರವಾಗಿ ನಳಿಗೆಗೇ ಜಾರಿ ಹೋಗುವುದರಿಂದ ಮಾಪಕ ಯಾವಾಗಲೂ ಗಾಳಿ ಹೆಚ್ಚೆಂದೇ ಹೇಳುತ್ತದೆ. ಅದಕ್ಕೆ ಅವರು ನೋಡುವುದು ಪ್ಲಗ್ಗಿನ ಬಣ್ಣವನ್ನು: ಬಿಳುಪಾದರೆ ಪೆಟ್ರೋಲು ಕಡಿಮೆ, ಕಾಡಿಗೆಯಾದರೆ ಹೆಚ್ಚು, ಸುಟ್ಟ ಇಟ್ಟಿಗೆಯ ಬಣ್ಣವಾದರೆ ಹದ.

ನನ್ನ ಗಾಡಿಯ ಪ್ಲಗ್ಗನ್ನು ಬಿಚ್ಚಿ ಕೈಗಿಟ್ಟರು. ಕಾಡಿಗೆ! ಮಾಪಕ ಪೆಟ್ರೋಲು ಸಾಲದೆನ್ನುತ್ತದೆ, ಪ್ಲಗ್ಗು ಹೆಚ್ಚಾಯಿತೆನ್ನುತ್ತದೆ. ಇಬ್ಬರಲ್ಲಿ ಸುಳ್ಳು ಯಾರದು? ಅವರು, "ಸುಳ್ಳ ಯಾರೂ ಹೇಳಾಕತ್ತಿಲ್ರಿ. ಮೀಟರಿಗೆ ಕಾಣೂದು ನಳಿಗ್ಯಾಗಿನ ಗಾಳಿ. ಅದು ಎಲ್ಲಿಂದ ಬಂತು ಅನ್ನೂದು ಅದಕ್ಕ ಹ್ಯಾಂಗ ತಿಳೀಬೇಕು?" ಎಂದು, ತಣ್ಣಗಿದ್ದ ಎಂಜಿನ್ನನ್ನು ಆಗಷ್ಟೇ ಚಾಲೂ ಮಾಡಿ, ನಳಿಗೆಯು ಎಂಜಿನ್ನಿಗೆ ಸೇರುವ ಕೀಲಿಗೆ ಸಾಬೂನಿನ ನೀರು ಸವರಿದರು. ಸೈಲೆನ್ಸರಿನ ಬಾಯಿಗೆ ಒದ್ದೆ ಬಟ್ಟೆ ಒತ್ತಿದ ಕೂಡಲೇ ಕೀಲಿನ ಸುತ್ತ ಗುಳ್ಳೆಗಳು ಎದ್ದವು.

ರಹಸ್ಯ ಇಷ್ಟೇ. ತೂತು ಕೊರೆಯಲು ನಳಿಗೆಯನ್ನು ಬಿಚ್ಚಿದ್ದೆವು. ಮತ್ತೆ ಕೂರಿಸುವಾಗ ಹಳೆಯ, ಜಜ್ಜಿದ ಗ್ಯಾಸ್ಕೆಟ್ಟನ್ನೇ ಹಾಕಿದ್ದೆವು. ಒಂದೇ ಸಿಲಿಂಡರಿನ ಎಂಜಿನ್ನು ನಿಧಾನವಾಗಿ ತಿರುಗುವಾಗ ಕ್ಷಣಕ್ಕೆ ಎಂಟು ಸಲದಂತೆ ಹೊಗೆಯನ್ನು ನೂಕುತ್ತದೆ. ಪ್ರತಿ ನೂಕಿನ ಹಿಂದೆಯೂ ನಳಿಗೆಯೊಳಗೆ ಒಂದು ಸೆಳೆತ ಹುಟ್ಟುತ್ತದೆ. ಆ ಸೆಳೆತಕ್ಕೆ ಸಿಕ್ಕಿ ಸಂದಿಯಿಂದ ಹೊರಗಿನ ಗಾಳಿ ಒಳನುಗ್ಗುತ್ತಿತ್ತು. ಸಂವೇದಕ ಆ ಆಮ್ಲಜನಕವನ್ನು ಮೂಸಿ, ಪ್ರಾಮಾಣಿಕವಾಗಿಯೇ ವರದಿ ಮಾಡುತ್ತಿತ್ತು. ನಾವು ಅದನ್ನು ಎಂಜಿನ್ನಿನ ಹಸಿವೆಂದು ಓದಿದೆವು. ಪೂರ್ತಿ ವೇಗದಲ್ಲಿ ಅಂಕಿ ಒಮ್ಮೆಲೇ ಇಳಿದು, ನಿಧಾನಕ್ಕೆ ಬಂದಾಗ ಏರುತ್ತಿದ್ದುದನ್ನು ಗಮನಿಸಿದ್ದರೆ ನಮಗೆ ಸಂಶಯ ಬರಬೇಕಿತ್ತು. ಸೋರಿಕೆಯ ಗುರುತೇ ಅದು. ಹಳೆಯ ಕಾವ್ಯವನ್ನು ಸಂಪಾದಿಸುವಾಗ ಒಂದೇ ಓಲೆಪ್ರತಿಯನ್ನು ನಂಬಬೇಡಿ, ಪಾಠಾಂತರಗಳನ್ನು ಹೋಲಿಸಿ ಎಂದು ತರಗತಿಯಲ್ಲಿ ವರ್ಷ ವರ್ಷವೂ ಹೇಳುವವನು ನಾನು. ಮನೆಯ ಅಂಗಳದಲ್ಲಿ ಪ್ಲಗ್ಗು, ಮೈಲೇಜು, ಹೆಂಡತಿಯ ಮಾತು ಎಂಬ ಮೂರು ಪ್ರತಿಗಳನ್ನು ಬದಿಗೊತ್ತಿ ಒಂದೇ ಪ್ರತಿಯನ್ನು ಪೂಜಿಸಿದ್ದೆ.

ಹೊಸ ತಾಮ್ರದ ಗ್ಯಾಸ್ಕೆಟ್ಟು ಬಿದ್ದೊಡನೆ ಮಾಪಕ ಹನ್ನೊಂದಕ್ಕೆ ಇಳಿಯಿತು. ಅಷ್ಟು ದಿನ ಎಂಜಿನ್ನಿಗೆ ಎಷ್ಟು ಪೆಟ್ರೋಲು ಕುಡಿಸಿದ್ದೆವೆಂಬುದು ಆಗ ತಿಳಿಯಿತು. ಏರಿಸಿದ ಜೆಟ್ಟುಗಳನ್ನೆಲ್ಲ ಇಳಿಸಿ ಮೂಲದ ಅಳತೆಗೆ ಬಂದೆವು. ಅಲ್ಲಿ ತುಸು ಕೊರತೆ ಕಂಡಿತು. ಅದು ನಿಜವಾದ ಕೊರತೆ, ಕಬ್ಬಿನದು. ಒಂದೇ ಒಂದು ಮೆಟ್ಟಿಲು ಏರಿಸಿದಾಗ ಮಾಪಕ ಹದಕ್ಕೆ ಬಂತು, ಒಂದು ವಾರದ ಮೇಲೆ ಪ್ಲಗ್ಗೂ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಸಾಕ್ಷಿಗಳೆಲ್ಲ ಒಂದೇ ಮಾತು ಹೇಳಿದಮೇಲೆ ನಾನು ನಂಬಿದೆ.

ಮಾಪಕವನ್ನು ಕೀಳಿಸಲಿಲ್ಲ. ತಂತಿ ಉದ್ದ ಮಾಡಿಸಿ, ಹ್ಯಾಂಡಲ್ಲಿನ ನಡುವೆ, ರಸ್ತೆಯಿಂದ ಕಣ್ಣು ಹೆಚ್ಚು ಸರಿಯದಷ್ಟು ಎತ್ತರದಲ್ಲಿ ಬಿಗಿಸಿದೆ. ಅಷ್ಟರಿಂದಲೂ ತೃಪ್ತನಾಗದೆ ಓಡುವಾಗ ಅದನ್ನು ನೋಡುವ ಅಭ್ಯಾಸವನ್ನೇ ಬಿಟ್ಟಿದ್ದೇನೆ. ಅಂಕಿಗಳನ್ನು ನೆನಪಿನಲ್ಲಿಟ್ಟುಕೊಳ್ಳುವ ಶಕ್ತಿ ಆ ಮಾಪಕಕ್ಕೇ ಇದೆ. ಮನೆಗೆ ಬಂದು, ಗಾಡಿ ನಿಲ್ಲಿಸಿ, ಚಹಾ ಕುಡಿಯುತ್ತ ಅವನ್ನು ಓದುತ್ತೇನೆ. ಮಾಪಕ ಕೊಳ್ಳುವವರು ಈ ಸೌಲಭ್ಯವನ್ನು ವಿಚಾರಿಸದೆ ಕೊಳ್ಳಬಾರದೆಂದು ನನ್ನ ವಿನಂತಿ.

ಮೊನ್ನೆ ನೆರೆಯ ಹಿರಿಯರು ಮತ್ತೆ ಬಂದರು. ಅಂಕಿ 13.2 ಎಂದು ಹೊಳೆಯುತ್ತಿತ್ತು. ಹಿಂದಿನ ಸಲ ತಾವು ಹೇಳಿದ್ದೇ ನಿಜವಾಯಿತು, ಗಡಿಯಾರ ಕೆಟ್ಟೇ ಇತ್ತು ಎಂದು ನಾನು ತಪ್ಪೊಪ್ಪಿಕೊಂಡೆ. ಅವರು ಬಗ್ಗಿ ನೋಡಿ, ತಲೆಯೆತ್ತಿ ಮೂಡಲ ದಿಕ್ಕಿನ ಸೂರ್ಯನನ್ನೂ ನೋಡಿ, "ಈಗೂ ಏನ್ ಛಲೋ ಆಗಿಲ್ಲ ಬಿಡ್ರಿ, ಮುಂಜಾನೆದ್ದು ಮಧ್ಯಾಹ್ನ ತೋರಸ್ತೈತಿ" ಎಂದು ಹಾಲಿಗೆ ಹೊರಟರು. ಈ ಸಲ ನಾನು ವಾದಿಸಲಿಲ್ಲ. ಅಂಕಿಯ ಜೊತೆಗೆ ಸೂರ್ಯನನ್ನೂ ನೋಡುವವರ ಮಾತಿಗೆ ನಾನೀಗ ಬೆಲೆ ಕೊಡುತ್ತೇನೆ.